ನಾಲ್ಕನೇ ಜ್ವರದ ದಿನ

ಬಸ್ಸು ಮುಕ್ಕಾಲು ಗಂಟೆಯಿಂದ ಅದೇ ಹೂವಿನಂಗಡಿಯ ಎದುರು ನಿಂತಿತ್ತು. ಎರಡೂ ಕಡೆಯಿಂದ ಸ್ಕೂಟರುಗಳು ನುಸುಳುತ್ತಿದ್ದವು. ಲತಾಮಣಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಮುಚ್ಚಿದ ಕೂಡಲೇ ಗಂಡ ಅನಂತರಾಜು ಮೊಣಕೈಯಿಂದ ತಿವಿದ.

"ಅಗಾ ನೋಡು, ಮರದಲ್ಲಿ ಎಷ್ಟು ದೊಡ್ಡ ಹದ್ದು ಕೆತ್ತವ್ರೆ."

ನೋಡಿದಳು. ಬಾಲಿ ದ್ವೀಪಕ್ಕೆ ಬಂದು ಇದು ಮೂರನೇ ದಿನ. ಅನಂತರಾಜುವಿಗೆ ಮಾಗಡಿಯಲ್ಲಿ ಗೊಬ್ಬರ, ಔಷಧಿಯ ಅಂಗಡಿ. ಈ ವರ್ಷ ಹೆಚ್ಚು ಮಾಲು ಮಾರಿದವರನ್ನು ಕಂಪನಿಯವರು ಹೆಂಡತಿ ಸಮೇತ ಇಲ್ಲಿಗೆ ಕರೆತಂದಿದ್ದರು. ಬಸ್ಸಿನಲ್ಲಿ ಉಳಿದವರೆಲ್ಲ ಗದಗ, ರಾಯಚೂರು, ಬಳ್ಳಾರಿ ಕಡೆಯವರು.

ಲತಾಮಣಿಗೆ ಒಂದು ವರ್ಷದಿಂದ ನಿದ್ದೆ ಸರಿಯಿರಲಿಲ್ಲ. ತಿಪ್ಪಸಂದ್ರದ ಮನೆಯಲ್ಲಿ ರೇಷ್ಮೆ ಹುಳು ಸಾಕುವವಳು ಅವಳೇ. ಒಂದು ಬೆಳೆಯ ಗೂಡು ಬಿಡಿಸುವಷ್ಟರಲ್ಲಿ ಇನ್ನೊಂದಕ್ಕೆ ಮರಿ ಬಂದಿರುತ್ತಿತ್ತು. ಯುಗಾದಿ ಕಳೆದ ಮರುವಾರ ಸೊಪ್ಪಿನ ಹೊರೆ ಇಳಿಸುವಾಗ ಕಣ್ಣು ಕತ್ತಲಿಟ್ಟು ಬಿದ್ದಿದ್ದಳು. ಡಾಕ್ಟರು ಬಿ.ಪಿ. ನೋಡಿ, "ಮಾತ್ರೆಗಿಂತ ನಿದ್ದೆ ಮುಖ್ಯಮ್ಮ. ಇನ್ನೊಂದು ಸಲ ಹೀಗೆ ಬಿದ್ದರೆ ಎದ್ದೇಳ್ತೀರಿ ಅಂತ ನಾನು ಹೇಳಲ್ಲ" ಎಂದಿದ್ದರು. ಆ ಮಾತು ಅವಳಿಗಿಂತ ಗಂಡನಿಗೆ ಹೆಚ್ಚು ತಾಗಿತ್ತು. ಕಂಪನಿಯ ಕಾಗದದಲ್ಲಿ 'ವೆಲ್‌ನೆಸ್' ಎಂಬ ಪದ ಕಂಡ ದಿನವೇ ಅವಳನ್ನು ಪಾಸ್‌ಪೋರ್ಟಿನ ಫೋಟೊಗೆ ಕರೆದೊಯ್ದಿದ್ದ.

ಇಲ್ಲಿಗೆ ಬಂದರೆ ದಿನಾ ಐದಕ್ಕೆ ಏಳಬೇಕು. ಸಮುದ್ರದೊಳಗಿನ ಗುಡಿ, ಇನ್ನೂರು ಮೆಟ್ಟಿಲಿನ ಕೆಳಗೆ ಜಲಪಾತ, ಉಯ್ಯಾಲೆಯಲ್ಲಿ ಕೂತು ಒಂದು ಫೋಟೊ ತೆಗೆಸಲು ಒಂದು ಗಂಟೆ ಸಾಲು.

ಫೋನು ಗುಂಯ್ಗುಟ್ಟಿತು. ಅತ್ತೆ ಮಾಯಮ್ಮ.

"ಅತ್ತೆ, ಜ್ವರ ಎಂಗೈತೆ?"

"ಕೂರ್ತಾ ಅವೆ ಕಣವ್ವ," ಎಂದಿತು ಮಾಯಮ್ಮನ ದನಿ. "ಅರ್ಧಕ್ಕರ್ಧ ತಲೆ ಎತ್ಕೊಂಡವೆ. ನಾಳೆ ದಿನವೆಲ್ಲ ಜ್ವರವೇಯ."

"ನಾಲ್ಕನೇ ಜ್ವರ, ಉಸಾರು. ಗಾಳಿ ಆಡ್ಲಿ. ಯಾರ್ನೂ ಒಳೀಕೆ ಬುಡ್‌ಬೇಡಿ."

"ನೀನು ಹುಟ್ಟಕ್ಕೆ ಮುಂಚಿಂದ ಹುಳ ಮೇಯ್ಸಿವ್ನಿ, ನಂಗೇ ಏಳ್ಕೊಡ್ತೀಯಲ್ಲ. ನಾಳೆ ಎಂಗೂ ಸೊಪ್ಪು ಕುಯ್ಯಂಗಿಲ್ಲ, ಕಾಲು ನೀಡ್ಕೊಂಡು ಬಿದ್ಕೋತೀನಿ. ನಿಂಗೇ ತಪ್ಪೋಯ್ತು ನೋಡು."

ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತಿರುತ್ತದೆ. ಅದಕ್ಕೆ ಊರಲ್ಲಿ ಜ್ವರ ಎನ್ನುವುದು. ಹುಳು ತಿನ್ನದ ದಿನ ಮನೆಯವರಿಗೂ ಬಿಡುವು. ನಾಲ್ಕನೆಯದರಿಂದ ಎದ್ದರೆ ಮುಗಿಯಿತು, ಎಂಟು ದಿನ ಹಗಲೂ ರಾತ್ರಿ ಮೇವು. ಹಾಗಾಗಿ ನಾಲ್ಕನೇ ಜ್ವರದ ದಿನ ಲತಾಮಣಿ ಹುಳದ ಮನೆಯ ಮುಂದೆ ಚಾಪೆ ಹಾಸಿ, ಸತ್ತವಳಂತೆ ಮಲಗುತ್ತಿದ್ದಳು. ಈ ವರ್ಷದಲ್ಲಿ ಅವಳು ಕಂಡ ನಿದ್ದೆಯೆಂದರೆ ಅಷ್ಟೇ. ಆ ದಿನವೂ ಈಗ ಬಸ್ಸಿನ ಪಾಲಾಗುವುದರಲ್ಲಿತ್ತು.

ಹಿಂದಿನ ಸೀಟಿನ ಗದಗದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. "ಯವ್ವಾ, ಇವರ ಮನ್ಯಾಗ ನಾಕನೇ ಸಲ ಜ್ವರಾ ಬಂದಾವಂತ್ರಿ."

ಮಾತು ಮುಂದಿನ ಸೀಟಿಗೆ ಮುಟ್ಟಿತು. ಅಲ್ಲಿಂದ ಟೂರ್ ಮ್ಯಾನೇಜರ್ ಭಾನುಪ್ರಿಯ ಎದ್ದು ಬಂದಳು. ಬೆಂಗಳೂರಿನವಳು, ನಲವತ್ತು ದಾಟಿದವಳು.

"ಮೇಡಂ, ಮನೇಲಿ ಜ್ವರಾನಾ? ಬಂದಾಗಿಂದ ನಿಮ್ಮ ಮುಖಾನೂ ಬಾಡಿದೆ. ನಿಮಗೂ ಶುರುವಾಗಿದ್ಯಾ?"

ಅನಂತರಾಜು ಬಾಯಿ ತೆರೆದ. ಲತಾಮಣಿ ಅವನ ಕಾಲು ತುಳಿದಳು.

"ಹೂಂ. ಒಸಿ ಇದ್ದಂಗೈತೆ."

"ಹಾಗಾದ್ರೆ ನಾಳೆ ರೂಮಲ್ಲೇ ಇರಿ, ಪ್ಲೀಸ್."

ರೂಮಿಗೆ ಬಂದ ಮೇಲೆ ಅನಂತರಾಜು ಮಂಚಕ್ಕೂ ಬಾಗಿಲಿಗೂ ಓಡಾಡಿದ. "ಸುಳ್ಳು ಯಾಕೆ ಯೋಳ್ದೆ? ನಾಳೆ ಇರೋದೇ ನಿಂಗೋಸ್ಕರ. ಯೋಗ, ಎಣ್ಣೆ ಮಾಲೀಸು, ಹೂವಿನ ನೀರಿನ ಸ್ನಾನ. ಕಂಚಿನ ಬಟ್ಲು ಬಾರ್ಸಿ ಮನಸ್ಸು ತಣ್ಣಗೆ ಮಾಡ್ತಾರಂತೆ."

"ನಾಲ್ಕೂ ಒಂದೇ ಕಡೆನಾ?"

"ನಾಲ್ಕು ಕಡೆ. ಬಸ್ಸೈತಲ್ಲ."

"ಎಷ್ಟೊತ್ತಿಗೆ ಏಳ್ಬೇಕು?"

"ಐದಕ್ಕೆ," ಎಂದ.

ಬೆಳಿಗ್ಗೆ ಭಾನುಪ್ರಿಯ ಮಾಸ್ಕ್ ಹಾಕಿಕೊಂಡು ಥರ್ಮಾಮೀಟರ್ ಹಿಡಿದು ಬಂದಳು. "ತೊಂಬತ್ತೇಳು. ಈಗ ಜ್ವರ ಇಲ್ಲ. ಆದ್ರೂ ಡಾಕ್ಟರಿಗೆ ಹೇಳಿದ್ದೀನಿ. ರಕ್ತ ತಗೋತಾರೆ. ರಿಪೋರ್ಟ್ ಬರೋವರೆಗೂ ಸರ್‌ಗೆ ಬೇರೆ ರೂಮು."

ರಕ್ತ ಎಂದ ಕೂಡಲೇ ಅನಂತರಾಜು ತಡೆಯಲಾರದೆ ಹೋದ. "ಜ್ವರ ಇವಳ್ಗಲ್ಲ ಮೇಡಂ. ಹುಳಕ್ಕೆ."

"ಹುಳಕ್ಕೆ ಜ್ವರಾನಾ?"

ಅವನು ತಲೆ ಎತ್ತಿ, ಕೈ ಕಟ್ಟಿ, ಹುಳು ಕೂರುವ ಹಾಗೆ ಕೂತು ತೋರಿಸಿದ. ಭಾನುಪ್ರಿಯ ಮಾಸ್ಕ್ ಕಿತ್ತು, ಸೂಟ್‌ಕೇಸಿನ ಮೇಲೆ ಕುಸಿದು ನಕ್ಕಳು. "ನಿಮ್ಮ ಹುಳದಿಂದ ರಾತ್ರಿಯೆಲ್ಲ ನನಗೆ ನಿದ್ದೆ ಇಲ್ಲ ಸರ್. ಸದ್ಯ. ಬನ್ನಿ ಮೇಡಂ, ಬಸ್ ಸ್ಟಾರ್ಟಾಗಿದೆ."

ಲತಾಮಣಿ ಮಂಚದ ಅಂಚಿನಲ್ಲಿ ಕೂತಿದ್ದಳು. ಇದುವರೆಗೆ ಹಗಲು ಹೊತ್ತು ಮಲಗಿದ್ದು ಬಾಣಂತನದಲ್ಲಿ, ಬಿದ್ದಾಗ ಆಸ್ಪತ್ರೆಯಲ್ಲಿ, ಇಲ್ಲವೆ ಹುಳು ಜ್ವರಕ್ಕೆ ಕೂತಾಗ. ಸುಮ್ಮನೆ ಮಲಗುತ್ತೇನೆ ಎಂದು ಯಾರಿಗೂ ಹೇಳಿದವಳಲ್ಲ. ಅನಂತರಾಜು ಅವಳ ಚಪ್ಪಲಿ ತಂದು ಕಾಲ ಬಳಿ ಇಟ್ಟ. ಕೆಳಗೆ ಬಸ್ಸು ಹಾರನ್ ಹಾಕಿತು. ಒಂದು ಕಾಲು ಚಪ್ಪಲಿಗೆ ತೂರಿಸಿದಳು. ಆಮೇಲೆ ಹಿಂದಕ್ಕೆ ತೆಗೆದಳು.

"ನಾನು ಬರಾಕಿಲ್ಲ."

"ಹುಷಾರಿಲ್ವಾ?" ಎಂದಳು ಭಾನುಪ್ರಿಯ.

"ಉಸಾರಾಗೇ ಇವ್ನಿ. ಮಲಗ್ಬೇಕು."

ಭಾನುಪ್ರಿಯ ಗಂಡನ ಕಡೆ ನೋಡಿದಳು. ಅವನು, "ಅಂಗಾದ್ರೆ ನಾನೂ ಇಲ್ಲೇ ಇರ್ತೀನಿ," ಎಂದ.

"ಬ್ಯಾಡ. ನೀವಿದ್ರೆ ಟಿವಿ ಹಾಕ್ತೀರಿ. ಅಂಗಡಿಗೆ ಫೋನ್ ಮಾಡ್ತೀರಿ. ನಿದ್ದೆ ಬಂತಾ ಅಂತ ಎಬ್ಬಿಸಿ ಕೇಳ್ತೀರಿ. ಹೋಗಿ, ಆ ಹೂವಿನ ನೀರು ನೀವೇ ಉಯ್ಕೊಳ್ಳಿ."

"ಬಿದ್ಗಿದ್ದು ಹೋದ್ರೆ?"

"ಮಂಚದ ಮೇಲಿಂದ ಎಲ್ಲಿಗೆ ಬೀಳ್ಲಿ?"

ಅವನು ಹೋದ. ಟೋಪಿಗೆಂದು ಒಮ್ಮೆ ವಾಪಸು ಬಂದ. ಟೋಪಿ ಕೈಯಲ್ಲಿ ಹಿಡಿದು, ಅವಳ ಚಪ್ಪಲಿಯನ್ನು ಮಂಚದ ಕೆಳಗೆ ಸರಿಸಿ ಮತ್ತೆ ಹೋದ.

ಲತಾಮಣಿ ಚಿಲಕ ಹಾಕಿ, ಪರದೆ ಎಳೆದು ಮಲಗಿದಳು. ನಿದ್ದೆ ಬರಲಿಲ್ಲ. ಯಾರೋ ಕೂಗಿದಂತಾಗಿ ಎರಡು ಸಲ ಕಾಲು ತಾನೇ ಮಂಚದಿಂದ ಇಳಿಯಿತು. ಎರಡು ಸಲವೂ ಮೇಲಕ್ಕೆತ್ತಿಕೊಂಡಳು. ಎಷ್ಟೋ ಹೊತ್ತಿಗೆ ಬಾಗಿಲಿನ ಬೆಲ್ ಆಯಿತು, ರೂಮು ಗುಡಿಸುವವರಿರಬೇಕು. ಮತ್ತೆ ಆಯಿತು. ಮೇಜಿನ ಮೇಲೆ ಫೋನು ನಡುಗಿ ಗಂಡನ ಹೆಸರು ತೋರಿಸಿ ಸುಮ್ಮನಾಯಿತು. ಅವಳು ದುಪ್ಪಟಿಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡಳು. ಮೂರನೇ ಸಲ ಬೆಲ್ ಆಯಿತೋ ಇಲ್ಲವೋ, ಅವಳಿಗೆ ಗೊತ್ತಾಗಲಿಲ್ಲ.