ಲಯನೆಲ್‌ನ ಕೆಂಪು ಚುಕ್ಕೆಗಳು

ನನಗೆ ಸ್ಪ್ಯಾನರ್ ಹಿಡಿಯಲು ಬರುತ್ತದೆ ಎಂದು ನಂಬಿದ್ದವನು ಈ ಭೂಮಿಯ ಮೇಲೆ ನಾನೊಬ್ಬನೇ. ಮೂವತ್ತೊಂದು ವರ್ಷ ಡರ್ಬಿಯ ಒಂದು ಪರದೆ ಬಟ್ಟೆಯ ಅಂಗಡಿಯಲ್ಲಿ ಅಳತೆ ಟೇಪು ಹಿಡಿದು ನಿಂತವನು, ನಿವೃತ್ತನಾದ ವಾರವೇ ಕಾರು ಕಟ್ಟುತ್ತೇನೆಂದು ಹೊರಟೆ. ಅದೂ ಹೊಸದಲ್ಲ, ಇನ್ನೊಬ್ಬ ಅರ್ಧಕ್ಕೆ ಬಿಟ್ಟದ್ದು.

ಬಿಟ್ಟದ್ದು ಎಂದರೆ ತಪ್ಪಾಗುತ್ತದೆ. ಲಯನೆಲ್ ಬಿಟ್ಟಿರಲಿಲ್ಲ, ಸತ್ತುಹೋಗಿದ್ದ. ಪೆಟ್ಟಿಗೆಗಳಲ್ಲಿ ಬಂದ ಬಿಡಿ ಭಾಗಗಳನ್ನು ಒಂಬತ್ತು ವರ್ಷ ತನ್ನ ಶೆಡ್ಡಿನಲ್ಲಿ ಒಂದೊಂದಾಗಿ ಜೋಡಿಸಿ, ಎರಡೇ ಸೀಟಿನ, ಮೇಲೆ ಸೂರಿಲ್ಲದ ಪುಟ್ಟ ಹಸಿರು ಕಾರನ್ನು ಮುಕ್ಕಾಲು ಪಾಲು ಮುಗಿಸಿದ್ದ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದ ಅವನ ಹೆಂಡತಿ ಮಾವಿಸ್ ಅದನ್ನು ನನಗೆ ಮಾರಿದಳು. ಜೊತೆಗೆ ಅವನು ಪ್ರತಿ ಹಂತದಲ್ಲೂ ತೆಗೆದಿದ್ದ ಫೋಟೋಗಳ ದಪ್ಪ ಫೈಲನ್ನೂ ಕೊಟ್ಟಳು.

"ತಗೊಂಡ್ ಹೋಗು ಮರೀ. ಶೆಡ್ಡಿನ ಬಾಗಿಲು ತೆಗೆದಾಗೆಲ್ಲ ನನ್ನ ಮುಖಾನೇ ನೋಡತ್ತೆ ಅದು," ಎಂದಳು. "ಆದ್ರೆ ಒಂದು ಮಾತು. ನಂಬರ್ ಪ್ಲೇಟ್ ಬಂದ ದಿನ ನನ್ನನ್ನ ಮೇಬಲ್‌ಥಾರ್ಪ್‌ಗೆ ಕರ್ಕೊಂಡ್ ಹೋಗ್ಬೇಕು. ಸಮುದ್ರದ ದಂಡೇಲಿ ಮೀನು, ಚಿಪ್ಸು ಕೊಡಿಸ್ಬೇಕು. ಒಂಬತ್ತು ವರ್ಷದಿಂದ ಬರೋ ಬೇಸಿಗೆಗೆ, ಬರೋ ಬೇಸಿಗೆಗೆ ಅಂತಿದ್ದ ಮಹರಾಯ."

ಕೊಡಿಸುತ್ತೇನೆ ಎಂದು ಕೈ ಮೇಲೆ ಕೈ ಇಟ್ಟೆ.

ಇಂಥ ಕಾರು ರಸ್ತೆಗೆ ಇಳಿಯಬೇಕಾದರೆ ಸರ್ಕಾರದ ತಪಾಸಣೆಯಲ್ಲಿ ಪಾಸಾಗಬೇಕು. ಅಧಿಕಾರಿ ಅರ್ಧ ದಿನ ಅದನ್ನು ಮೇಲೆ ಕೆಳಗೆ ಜಾಲಾಡುತ್ತಾನೆ. ಚೂಪು ಅಂಚಿಗೆಲ್ಲ ರಬ್ಬರ್ ಪಟ್ಟಿ ಇರಬೇಕು, ಹೊರಗೆ ಕಾಣುವ ನಟ್ಟಿಗೆಲ್ಲ ಪ್ಲಾಸ್ಟಿಕ್ ಟೊಪ್ಪಿ ಇರಬೇಕು. ಪಾಸಾದ ಮರುದಿನವೇ ಆ ಪಟ್ಟಿ, ಟೊಪ್ಪಿಗಳನ್ನು ಕಿತ್ತು ಬಿಸ್ಕತ್ತಿನ ಡಬ್ಬಿಗೆ ತುಂಬಿ ಮುಂದಿನವನಿಗೆ ದಾಟಿಸುವುದು, ಹೀಗೆ ಮನೆಯಲ್ಲೇ ಕಾರು ಕಟ್ಟುವವರ ನಮ್ಮ ಕ್ಲಬ್ಬಿನ ಪದ್ಧತಿ. ನನ್ನ ಕೈಗೆ ಬಂದ ಡಬ್ಬಿ ಆಗಲೇ ಆರು ಕಾರು ಪಾಸು ಮಾಡಿಸಿತ್ತು. ಹಾಗಾಗಿ ತಪಾಸಣೆ ಎಂದರೆ ಅಲಂಕಾರ ಎಂದುಕೊಂಡೆ. ಪರದೆ ಮಾರಿದವನ ಬುದ್ಧಿ ಇನ್ನೆಲ್ಲಿಗೆ ಹೋಗುತ್ತದೆ?

ಕಾರಿನ ಅಡಿಯಲ್ಲಿ ಲಯನೆಲ್ ಬಿಗಿದ ನಟ್ಟುಗಳ ಮೇಲೆಲ್ಲ ಒಂದೊಂದು ಕೆಂಪು ಚುಕ್ಕೆ ಇತ್ತು. ಅರ್ಧ ನಟ್ಟಿನ ಮೇಲೆ, ಅರ್ಧ ಪಕ್ಕದ ಕಬ್ಬಿಣದ ಮೇಲೆ. ಮುದುಕನ ಕೈ ನಡುಗಿ ಬಣ್ಣ ಚೆಲ್ಲಿರಬೇಕು ಎಂದುಕೊಂಡೆ. ಹಳೆಯ ಬನಿಯನ್ನಿಗೆ ಥಿನ್ನರ್ ಹಾಕಿಕೊಂಡು ನಾಲ್ಕು ದಿನ ಅಂಗಾತ ಮಲಗಿ ಒಂದೂ ಉಳಿಯದಂತೆ ಒರೆಸಿದೆ. "ಜಾಮ್ ತಿಂದ ಮಗು ಕಾರು ಕಟ್ಟಿದ ಹಾಗಿತ್ತು ಕಣ್ರೋ," ಎಂದು ಕ್ಲಬ್ಬಿನಲ್ಲಿ ಹೇಳಿ ನಗಿಸಿದೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಆಮೇಲೆ ಮುಂದಿನ ಎಡಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿಗೆ ತುಕ್ಕು ಕಂಡಿತು. ಬೋಲ್ಟು ಬಿಚ್ಚಿ, ತೋಳು ತೆಗೆದು, ಕಪ್ಪು ಬಣ್ಣ ಹೊಡೆದೆ. ವಾಪಸು ಕೂರಿಸಿ ನಟ್ಟನ್ನು ಬೆರಳಲ್ಲಿ ತಿರುಗಿಸಿದೆ. ಬಣ್ಣ ಒಣಗಲಿ, ನಾಳೆ ಸ್ಪ್ಯಾನರ್ ಹಾಕಿ ಬಿಗಿದರಾಯಿತು ಎಂದು ಎದ್ದೆ. ಆ ನಾಳೆ ಬರಲೇ ಇಲ್ಲ.

ತಪಾಸಣೆಯ ದಿನ ಕ್ಲಬ್ಬಿನ ನೆವಿಲ್ ತನ್ನ ವ್ಯಾನಿನ ಹಿಂದೆ ಟ್ರೇಲರ್ ಕಟ್ಟಿ ಕಾರನ್ನು ತಪಾಸಣಾ ಕೇಂದ್ರಕ್ಕೆ ಎಳೆದೊಯ್ದ. ನಾನೂ ಬರ್ತೀನಿ ಎಂದು ಮಾವಿಸ್ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ನಮ್ಮಿಬ್ಬರ ನಡುವೆ ಕುಳಿತಳು. ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿದ್ದಳು.

ಅಧಿಕಾರಿ ಕಾರನ್ನು ಮೇಲಕ್ಕೆತ್ತಿಸಿ ಕೆಳಗೆ ಟಾರ್ಚು ಬಿಟ್ಟ. ರಬ್ಬರ್ ಪಟ್ಟಿ ನೋಡಿ ತಲೆಯಾಡಿಸಿದ. ದೀಪ, ಕನ್ನಡಿ, ಹಾರನ್ನು ನೋಡಿ ತಲೆಯಾಡಿಸಿದ. ನನ್ನ ಎದೆ ಉಬ್ಬಿತು. ಎಡಚಕ್ರ ಹಿಡಿದು ಅಲುಗಾಡಿಸಿದಾಗ ಟಕ್ ಟಕ್ ಎಂದಿತು. ಅವನು ಕೈ ಹಾಕಿ ಬರಿ ಎರಡು ಬೆರಳಲ್ಲಿ ಆ ನಟ್ಟನ್ನು ತಿರುಗಿಸಿ ತೋರಿಸಿದ.

"ಇದನ್ನ ಯಾರು ಬಿಗಿದಿದ್ದು?"

ಕಪ್ಪು ಬಣ್ಣ, ಬೆರಳು, ನಾಳೆ, ಎಲ್ಲ ಒಂದೇ ಸಲಕ್ಕೆ ನೆನಪಾಯಿತು. ಗೊತ್ತಿಲ್ಲದೆ ಹೇಳಿದೆ ಎನ್ನಲು ನನಗೆ ಬಾಯಿಲ್ಲ. ಚೆನ್ನಾಗಿ ಗೊತ್ತಿದ್ದೇ ಹೇಳಿದೆ.

"ಅದು ನನ್ನ ಕೆಲಸ ಅಲ್ಲ ಸಾರ್. ಹಿಂದೆ ಕಟ್ಟಿದವರದ್ದು. ತೀರಿಹೋದ್ರು, ಪಾಪ. ಕೊನೆಕೊನೆಗೆ ಕೈಯಲ್ಲಿ ಆಗ್ತಿರ್ಲಿಲ್ಲ ಅವ್ರಿಗೆ."

ತಿರುಗಿದರೆ ಬಾಗಿಲಲ್ಲಿ ಮಾವಿಸ್. ನನಗೆಂದು ಟೀ ಬಗ್ಗಿಸಿಕೊಂಡು ಬಂದಿದ್ದಳು. ಲೋಟವನ್ನು ನನ್ನ ಕೈಗಿಟ್ಟಳು. ನಾನು ಕುಡಿದೆ ಕೂಡ.

ಫೇಲಾದ ಕಾಗದ ಹಿಡಿದು ವಾಪಸು ಹೊರಟೆವು. ಅರ್ಧ ದಾರಿಯ ತನಕ ಅವಳು ಕಿಟಕಿಯ ಕಡೆಗೇ ನೋಡುತ್ತಿದ್ದಳು. ಬೈದರೆ ಸಾಕು ಎಂದು ಕಾಯುತ್ತಿದ್ದೆ.

"ನನ್ನ ಕ್ಷಮಿಸು ಮರೀ," ಎಂದಳು. "ಹಾಳಾದ ಮಾಲು ನಿನ್ನ ತಲೆಗೆ ಕಟ್ಟಿಬಿಟ್ಟೆ. ಕೈ ನಡುಗ್ತಿತ್ತು ಅವನಿಗೆ, ನಿಜ. ನಂಗ್ ಹೇಳ್ಬಾರ್ದಿತ್ತಾ? ಆ ಚಕ್ರ ಹೆದ್ದಾರೀಲಿ ಬಿಚ್ಕೊಂಡಿದ್ರೆ? ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡ್ ಹೋಗೋನಿದ್ದ ಆ ಮನುಷ್ಯ."

ಆಗ ಹೇಳಬಹುದಿತ್ತು. ನೆವಿಲ್ ಇದ್ದಾನಲ್ಲ, ಕ್ಲಬ್ಬಿಗೆಲ್ಲ ಹರಡುತ್ತಾನಲ್ಲ ಎಂದು ಲೆಕ್ಕ ಹಾಕಿದೆ. "ಇರ್ಲಿ ಬಿಡಿ ಮಾವಿಸ್," ಎಂದೆ. ಕ್ಷಮಿಸಿಬಿಟ್ಟೆ ಅವಳನ್ನು, ದೊಡ್ಡ ಮನುಷ್ಯನ ಹಾಗೆ! ಬರೆಯುವಾಗ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

ಅವಳನ್ನು ಮನೆಗೆ ಬಿಟ್ಟು, ನನ್ನ ಅಂಗಳದಲ್ಲಿ ಕಾರು ಇಳಿಸುವಾಗ ನೆವಿಲ್ ಲಯನೆಲ್‌ನ ಫೈಲು ತೆರೆದು ಫೋಟೋಗಳನ್ನು ನೋಡತೊಡಗಿದ.

"ಡೆಸ್ಮಂಡ್, ಇಲ್ ಬಾ. ಆ ಬೋಲ್ಟಿನ ಮೇಲೆ ಕೆಂಪು ಗುರುತು ಇದೆಯಲ್ಲೋ ಇದ್ರಲ್ಲಿ."

"ಬಣ್ಣ ಚೆಲ್ಕೊಂಡಿದ್ದ ಕಣೋ. ಒರೆಸ್ದೆ, ಹೇಳಿದ್ನಲ್ಲ."

"ಇದೇನಾ ನಿನ್ನ ಜಾಮು?" ನೆವಿಲ್ ಫೈಲು ಮುಚ್ಚಿದ. "ಅಯ್ಯೋ ಮಂಕೇ. ಬಿಗಿದು ಮುಗಿಸಿದ ನಟ್ಟಿಗೆ ಹಾಕೋ ಗುರುತು ಅದು. ನಟ್ಟು ಒಂದು ಕೂದಲೆಳೆ ತಿರುಗಿದ್ರೂ ಚುಕ್ಕೆ ಮುರಿದು ಕಾಣತ್ತೆ. ನೇಲ್ ಪಾಲಿಶ್ ಹಾಕ್ತಾರೆ, ನಾನೂ ಹಾಕ್ತೀನಿ. ಇಡೀ ಕಾರಿನದ್ದು ಒರೆಸಿದ್ಯಾ?"

ಹೂಂ ಎಂದೆ. ಅವನು ನಗಲಿಲ್ಲ. ಅದೇ ಕಷ್ಟವಾಯಿತು.

ಮುಂದಿನ ಮೂರು ವಾರ ಕೈಪಿಡಿ ಹಿಡಿದು ಕಾರಿನ ಒಂದೊಂದು ನಟ್ಟನ್ನೂ ಹೊಸದಾಗಿ ಪರೀಕ್ಷಿಸಿದೆ. ನೂರ ಎಂಬತ್ತಾರು ನಟ್ಟು. ನಾನು ಮುಟ್ಟದೆ ಬಿಟ್ಟ ಲಯನೆಲ್‌ನ ಒಂದೇ ಒಂದು ನಟ್ಟು ಸಡಿಲ ಇರಲಿಲ್ಲ. ಎರಡನೇ ತಪಾಸಣೆಯಲ್ಲಿ ಕಾರು ಪಾಸಾಯಿತು, ನಂಬರೂ ಬಂತು. ಪ್ಲೇಟು ಬಿಗಿದುಕೊಂಡು ಮಾವಿಸ್ ಮನೆ ಮುಂದೆ ನಿಲ್ಲಿಸಿ ಹಾರನ್ ಹೊಡೆದೆ. ಮೇಬಲ್‌ಥಾರ್ಪ್ ತಲುಪಿ, ಹೊಟ್ಟೆ ತುಂಬಿದ ಮೇಲೆ ಮೆಲ್ಲಗೆ ಹೇಳೋಣ ಎಂಬುದು ನನ್ನ ಯೋಜನೆ.

ಅವಳು ಬಾಗಿಲ ಹೊರಗೆ ಬಂದಳು, ಮೆಟ್ಟಿಲು ಇಳಿಯಲಿಲ್ಲ.

"ಬೇಡ ಮರೀ. ನೀನ್ ಹೋಗ್ಬಾ. ನಂಗೆ ಅದರಲ್ಲಿ ಕೂತ್ಕೊಳಕ್ಕೆ ಮನಸ್ಸಿಲ್ಲ."

"ಎಲ್ಲ ಬಿಗಿದಿದೀನಿ ಮಾವಿಸ್. ಭಯ ಇಲ್ಲ."

"ಭಯ ಅಲ್ಲ." ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಪ್ರತಿ ಭಾನುವಾರ ಸಮಾಧಿಗೆ ಹೋಗ್ತಿದ್ದೆ, ಗೊತ್ತಲ್ಲ? ಆವತ್ತು ತಪಾಸಣೆಯಿಂದ ಬಂದಾಗಿಂದ ಹೋಗಿಲ್ಲ. ಹೋಗಿ ಏನಂತ ಮಾತಾಡ್ಲಿ? ಕೋಪ ಬರತ್ತೆ ಅವನ ಮೇಲೆ. ಸತ್ತೋನ ಹತ್ರ ಜಗಳ ಆಡೋದು ಹೇಗೆ ಹೇಳು."

ಇಂಜಿನ್ ಆರಿಸಿದೆ. ಕೂತಲ್ಲಿಂದಲೇ ಎಲ್ಲ ಹೇಳಿದೆ. ತುಕ್ಕು, ಬಣ್ಣ, ಬೆರಳು, ಸುಳ್ಳು. ಜೊತೆಗೆ ತಂದಿದ್ದ ಫೈಲಿನಿಂದ ಕೆಂಪು ಚುಕ್ಕೆಗಳ ಫೋಟೋ ತೆಗೆದು ಚಾಚಿದೆ. ಅವಳು ಮೆಟ್ಟಿಲಿಳಿದು ಬಂದು, ಕನ್ನಡಕ ಏರಿಸಿ ನೋಡಿದಳು.

"ಇದು ನನ್ನದು," ಎಂದಳು. "ನನ್ನ ನೇಲ್ ಪಾಲಿಶ್. ಬಾಟಲಿ ಮೇಲೆ ಬಾಟಲಿ ಕಾಣೆ ಆಗ್ತಿತ್ತು. ನನ್ನ ತಂಗಿ ಮಗಳು ಕದೀತಾಳೆ ಅಂತ ಅವಳ ಹತ್ರ ಮಾತು ಬಿಟ್ಟಿದ್ದೆ ಒಂದು ವರ್ಷ."

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಒಳಗೆ ಹೋಗಿ ನೀಲಿ ಕೋಟು ಹಾಕಿಕೊಂಡು ಬಂದು ಕಾರಿನಲ್ಲಿ ನನ್ನ ಪಕ್ಕ ಕುಳಿತಳು.

"ಮೇಬಲ್‌ಥಾರ್ಪ್‌ಗಾ?" ಎಂದೆ.

"ಆಮೇಲೆ. ಮೊದಲು ಸಮಾಧಿಗೆ ನಡಿ. ನಂಗ್ ಹೇಳಿ ಏನ್ ಪ್ರಯೋಜನ, ಅವನಿಗೆ ಹೇಳು."

ಸಮಾಧಿಯ ಮುಂದೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತೆ. ಪಕ್ಕದ ಸಾಲಿನಲ್ಲಿ ಒಬ್ಬಳು ಹೂವಿಗೆ ನೀರು ಹಾಕುತ್ತಿದ್ದಳು. "ಲಯನೆಲ್, ಆ ನಟ್ಟು ಸಡಿಲ ಬಿಟ್ಟಿದ್ದು ನಾನು," ಎಂದೆ.

"ಜೋರಾಗಿ ಹೇಳು," ಎಂದಳು ಮಾವಿಸ್. "ಎಡಗಿವಿ ಮಂದ ಅವನಿಗೆ."

ಜೋರಾಗಿ ಹೇಳಿದೆ. ನೀರು ಹಾಕುತ್ತಿದ್ದವಳು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಜಾಮು ಅಂದಿದ್ದೂ ಹೇಳು. ನೆವಿಲ್ ಆ ತಮಾಷೆ ಆಗ್ಲೇ ಹೇಳಿದ್ದ, ಅದು ಈ ಚುಕ್ಕೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು."

ಅದನ್ನೂ ಹೇಳಿದೆ.