ಗಾದಿಯ ಜಾಗ

ಗಾದಿಯನ್ನು ತಂಡದಲ್ಲಿ ಇಟ್ಟುಕೊಂಡದ್ದಕ್ಕೆ ನನಗೆ ಬಿದ್ದ ಖರ್ಚು ಹೇಳುತ್ತೇನೆ. ಚಳಿಗಾಲದಿಂದ ಈಚೆಗೆ ಗೆಲ್ಲಬೇಕಾಗಿದ್ದ ಆಟಗಳಲ್ಲಿ ಅರ್ಧಕ್ಕರ್ಧ ಕೈಬಿಟ್ಟವು. ಊರಿನ ಆಟಗಾರರ ಪಟ್ಟಿಯಲ್ಲಿ ಮೇಲಿದ್ದ ನನ್ನ ಹೆಸರು, ಬೆರಳಿನಿಂದ ಸರಿಸುತ್ತ ಸರಿಸುತ್ತ ಹುಡುಕುವಷ್ಟು ಕೆಳಗೆ ಹೋಯಿತು. ಇಬ್ಬರು ಜೋಡಿಗಾರರು ನನ್ನನ್ನು ಬಿಟ್ಟು ಬೇರೆಯವರನ್ನು ಹುಡುಕಿಕೊಂಡರು. ಈಗಿನವನು ಕಳಕೇಶ, ಅವನೂ ಅದೇ ದಾರಿಯಲ್ಲಿದ್ದ. ಇದರ ಮೇಲೆ ಅವ್ವನ ಬೈಗುಳ. ಅದು ಗಾದಿ ಇಲ್ಲದಿದ್ದರೂ ಬೀಳುತ್ತಿತ್ತು, ಹಾಗಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮದು ಬೆಟಗೇರಿಯಲ್ಲಿ ಗಾದಿ ಅಂಗಡಿ. ಹತ್ತಿ ಹಿಂಜುತ್ತೇವೆ, ಗಾದಿ ತುಂಬುತ್ತೇವೆ, ಹಳೆಯದನ್ನು ಬಿಚ್ಚಿ ಹೊಸದು ಮಾಡಿಕೊಡುತ್ತೇವೆ. ಆದರೆ ಮೇಲೆ ಹೇಳಿದ ಗಾದಿ ಮೊಬೈಲಿನ ಆಟದೊಳಗಿನ ಒಂದು ಮೃಗ. ಆ ಆಟದಲ್ಲಿ ಜೋಡಿಯಾಗಿ ಆಡುವವರು ತಲಾ ಮೂರು ಮೃಗಗಳನ್ನು ತರಬೇಕು. ಕಣಕ್ಕೆ ಒಬ್ಬೊಬ್ಬರದು ಒಂದೊಂದೇ ಇಳಿಯುತ್ತದೆ, ಉಳಿದವು ಹಿಂದೆ ಕಾಯುತ್ತವೆ. ಪೆಟ್ಟು ತಿಂದದ್ದನ್ನು ಹಿಂದಕ್ಕೆ ಕರೆದು ಇನ್ನೊಂದನ್ನು ಇಳಿಸಬಹುದು. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಗಿಡವನ್ನು ಸುಡುತ್ತದೆ, ಗಿಡದ ಬೇರು ಕಲ್ಲನ್ನು ಸೀಳುತ್ತದೆ. ಇಷ್ಟು ಗೊತ್ತಿದ್ದರೆ ಆಡಬಹುದು. ಗೆಲ್ಲಬೇಕಾದರೆ ಹೊಡೆಯುವುದು, ತಡೆಯುವುದು, ಓಡುವುದು ಮೂರೂ ತಂಡದಲ್ಲಿರಬೇಕು.

ನನ್ನ ತಂಡದಲ್ಲಿ ಒಂದು ಕಲ್ಲಿನ ಆಮೆ, ಒಂದು ಮುಳ್ಳಿನ ಉಡ, ಮೂರನೆಯದು ಗಾದಿ. ಅದು ಬೆಳ್ಳಗೆ, ಗುಂಡಗೆ, ಹಿಂಜಿದ ಹತ್ತಿಯ ಮುದ್ದೆಯ ಹಾಗೆ ಇರುತ್ತದೆ. ಓಡುವುದಿಲ್ಲ, ಹೊಡೆಯುವುದಿಲ್ಲ. ಜೊತೆಯವನಿಗೆ ಬೀಳುವ ಪೆಟ್ಟಿಗೆ ಅಡ್ಡ ಬಂದು ತಾನು ತಿನ್ನುತ್ತದೆ. ಅದಕ್ಕೆ ಆ ಹೆಸರಿಟ್ಟವಳು, ಅದನ್ನು ಮರಿಯಿಂದ ಸಾಕಿದವಳು ನನ್ನ ತಂಗಿ ಕೈನಾತ. ಆಟ ಕಲಿಸಿದವಳೂ ಅವಳೇ. ಮಳೆಗಾಲದಲ್ಲಿ ಗಾದಿ ಮಾಡಿಸುವವರು ಕಡಿಮೆ. ಅವಳು ಹೊಲಿಗೆ ಯಂತ್ರದ ಮುಂದೆ, ನಾನು ಹತ್ತಿಯ ರಾಶಿಗೆ ಒರಗಿ, ಮಧ್ಯಾಹ್ನವೆಲ್ಲ ಜೋಡಿ ಆಡುತ್ತಿದ್ದೆವು. ಅವಳ ಕೈ ಯಾವ ಹೊತ್ತಿಗೆ ಏನು ಮಾಡುತ್ತದೆಂದು ನನಗೆ ನೋಡದೆ ತಿಳಿಯುತ್ತಿತ್ತು. ಮದುವೆಯಾಗಿ ಮುಂಡರಗಿಗೆ ಹೊರಟಾಗ ಗಾದಿಯನ್ನು ನನ್ನ ಮೊಬೈಲಿಗೆ ಕಳಿಸಿದಳು. ಕಾರಿನ ಕಿಟಕಿಯಿಂದ ಕೈ ಹಿಡಿದುಕೊಂಡು, "ಬರ್ತೀನಿ ಅಣ್ಣಾ" ಅಂದಳು.

ಅದಾಗಿ ಎರಡು ವರ್ಷ. ಗಾದಿಯನ್ನು ನಾನು ಕದಲಿಸಲಿಲ್ಲ.

ಕಳಕೇಶ ಹತ್ತಿರದ ಹಳ್ಳಿ ಅಂತೂರ ಬೆಂತೂರದವನು. ಅವನದೊಂದು ಗೂಡ್ಸ್ ಗಾಡಿ ಇದೆ, ನಮ್ಮ ಗಾದಿಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸುತ್ತಾನೆ. ಅವನ ತಂಡದ ಮುಂದಾಳು ಒಂದು ಬೆಂಕಿ ಎತ್ತು. ಸಣ್ಣದಕ್ಕೂ ಮೂಗಿನಿಂದ ಹೊಗೆ ಬಿಡುತ್ತದೆಂದು ಅದಕ್ಕೆ ತನ್ನ ಕಾಕಾ ಸಕ್ರಪ್ಪನ ಹೆಸರಿಟ್ಟಿದ್ದಾನೆ. ಗದಗದಲ್ಲಿ ಒಂದು ಮಂಗಲ ಕಾರ್ಯಾಲಯ ಹಿಡಿದು ಹುಡುಗರು ಜೋಡಿ ಆಟದ ಸ್ಪರ್ಧೆ ಇಟ್ಟಿದ್ದರು. ಅದಕ್ಕೆ ಇಬ್ಬರೂ ಹೆಸರು ಕೊಡುವುದೆಂದು ಮಾತಾಗಿತ್ತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಅಭ್ಯಾಸಕ್ಕೆ ಕುಳಿತೆವು. ಕಣದಲ್ಲಿ ಅವನ ಸಕ್ರಪ್ಪ, ಪಕ್ಕದಲ್ಲಿ ನನ್ನ ಗಾದಿ. ಗಾದಿಗೆ ಉಸಿರು ಕಡಿಮೆಯಾಗಿತ್ತು. "ಬರ್ತೀನಿ" ಅಂದು ಅದನ್ನು ಹಿಂದಕ್ಕೆ ಕರೆದುಕೊಂಡೆ. ಅದೇ ಹೊತ್ತಿಗೆ ಅವನು ಎತ್ತನ್ನು ಮೈಮೇಲೆ ಗ್ಯಾನವಿಲ್ಲದ ಹಾಗೆ ಮುಂದೆ ನುಗ್ಗಿಸಿದ. ಎದುರಿನವರು ಹೊಡೆದದ್ದು ನೇರ ಎತ್ತಿಗೆ ಬಿತ್ತು. ಸಕ್ರಪ್ಪ ಮಲಗಿದ.

"ಬರ್ತೀನಿ ಅಂದಿ" ಅಂದ ಕಳಕೇಶ.

"ಹೌದು."

"ಹೋದಿ."

"ಬರ್ತೀನಿ ಅಂದ್ರ ಹೋಗೂದಲೇ."

"ಗಾದಿ ಅಡ್ಡ ಬರತೈತಿ ಅಂತ ನಾ ನುಗ್ಗಿಸೀನಿ. ಬರ್ತೀನಿ ಅಂದ್ರ ಬರೂದಲ್ಲಾ?"

"ಹೋಗ್ತೀನಿ ಅಂತ ಯಾರರ ಅಂತಾರೇನ್ಲೇ?"

"ಮನಿಯಿಂದ ಹೋಗೂವಾಗ ಅನ್ನಂಗಿಲ್ಲಪಾ. ಎತ್ತು ಸಾಯೂವಾಗೂ ಅನಬಾರ್ದು ಅಂದ್ರ ನಾ ಏನ ಪಂಚಾಂಗ ಕೇಳ್ಲಿ?"

ಹೊಲಿಗೆ ಯಂತ್ರದ ಹಿಂದಿನಿಂದ ಅವ್ವ ತಲೆ ಎತ್ತದೆ ಹೇಳಿದಳು: "ಅನಬಾರ್ದು ಅಂದ್ರ ಎಲ್ಲೂ ಅನಬಾರ್ದು."

ಅದು ಅವ್ವನದೇ ಕಟ್ಟಳೆ. ಹಿಂದೊಮ್ಮೆ ಮುಸ್ಸಂಜೆಯಲ್ಲಿ ಕೈನಾತ ಆಟದ ಭರದಲ್ಲಿ "ನಾ ಹೋಗ್ತೀನಿ, ನಾ ಹೋಗ್ತೀನಿ" ಎಂದು ಕೂಗುತ್ತಿದ್ದಾಗ ಅವ್ವ ಹತ್ತಿ ಬಿಡಿಸುವುದನ್ನು ನಿಲ್ಲಿಸಿ ಬೈದಿದ್ದಳು. ದೀಪ ಹಚ್ಚೂ ಹೊತ್ತಿನಾಗ ಇದೇನ ಮಾತು, ಬರ್ತೀನಿ ಅನ್ರಿ ಅಂದಿದ್ದಳು. ಅಂದಿನಿಂದ ನಮ್ಮಿಬ್ಬರ ಆಟದಲ್ಲಿ ಹಿಂದೆ ಸರಿಯುವುದಕ್ಕೆ ಆ ಮಾತೇ ನಿಂತಿತು. ನಮಗೆ ಎಂದೂ ತೊಡಕಾಗಿರಲಿಲ್ಲ. ಹೊರಗಿನವನ ಜೊತೆ ಆಡುವಾಗಲೇ ತೊಡಕಾದದ್ದು.

ಕಳಕೇಶ ಮೊಬೈಲು ಬದಿಗಿಟ್ಟ. "ಮಾತಿಂದು ಬಿಡು. ನಿನ್ನ ತಂಡದಾಗ ಎರಡು ಬೆಂಕಿ ಕಂಡ್ರ ಸುಡತಾವು, ಉಡಾ ಮತ್ತ ಗಾದಿ. ಎರಡಕ್ಕ ನಡ್ಯಾಕ ಬರಂಗಿಲ್ಲ, ಆಮಿ ಮತ್ತ ಗಾದಿ. ಇರೂದ ಮೂರು. ಎರಡೂ ಕಡೆ ಯಾವುದು ಐತಿ ನೋಡ್ಕೊ."

"ಗಾದಿ ಇದ್ದದ್ದಕ್ಕ ನಿನ್ನ ಎತ್ತು ಎಷ್ಟ ಸಲ ಉಳದೈತಿ."

"ಉಳದೈತಿ. ಸೋಲೂದು ಸಾವಕಾಶ ಆಗೈತಿ, ಅಷ್ಟ. ನಿನ್ನ ಕಡೆ ನೀರುನಾಯಿ ಐತಲ್ಲ, ಪುಟುಪುಟು ಓಡತೈತಿ, ಬೆಂಕಿಗೂ ಅಂಜಂಗಿಲ್ಲ. ಅದನ್ನ ತಗೊ."

"ಗಾದಿ ಇರ್ಲಿ."

"ಹಂಗಾರ ನಿನ್ನ ತಂಗಿನ್ನ ಕರಕೊಂಡ ಬಂದು ಆಡು. ನನ್ನ ಯಾಕ ಕುಂಡ್ರಿಸಿಕೊಂಡೀದಿ?"

ಸಿಟ್ಟಿನಲ್ಲಿ ಅಂದ ಮಾತು. ಗಾಡಿ ತಿರುಗಿಸಿಕೊಂಡು ಹೋಗುವಷ್ಟರಲ್ಲಿ ಅವನು ಮರೆತಿರಬಹುದು. ನನಗೆ ಮಾತ್ರ ಅದು ಅಪ್ಪಣೆ ಕೊಟ್ಟ ಹಾಗೆ ಕೇಳಿತು. ಎರಡು ವರ್ಷ ನಾನು ಕಾದದ್ದು ಅದಕ್ಕೇ. ಕೈನಾತ ಒಂದು ದಿನ ಪಕ್ಕದಲ್ಲಿ ಕುಳಿತು ಆಡಿದರೆ ಸಾಕು, ಗಾದಿಯೂ ಗೆಲ್ಲುತ್ತದೆ, ನಾನೂ ಗೆಲ್ಲುತ್ತೇನೆ ಎಂದು ಮನಸ್ಸು ಹೇಳುತ್ತಿತ್ತು.

ಮರುದಿನ ಕೈನಾತಳ ಕೂಸಿನ ತೊಟ್ಟಿಲಿಗೆಂದು ಒಂದು ಸಣ್ಣ ಗಾದಿ ತುಂಬಿದೆ. ಒಳ್ಳೆಯ ಹತ್ತಿ, ಎರಡು ಸಲ ಹಿಂಜಿದ್ದು. ಅವ್ವ ಅದರ ಬಟ್ಟೆಗೆ ಹಳದಿ ಅಂಚು ಹೊಲಿದುಕೊಟ್ಟಳು.

"ತಂಗಿ ಮನಿಗೆ ಇಷ್ಟ ಹುರುಪಿನಿಂದ ಹೊಂಟೀದಿ. ಕನ್ಯಾ ನೋಡಾಕ ಹೋಗು ಅಂದ್ರ ಕಾಲ ಬರೂದಿಲ್ಲ" ಅಂದಳು.

"ಅಲ್ಲೇ ಮುಂಡರಗಿಯಾಗ ಯಾರರ ಇದ್ರ ನೋಡ್ಕೊಂಡ ಬರ್ತೀನಿ ಬೇ."

"ನೀ ನೋಡೂದು ಆ ಮೊಬೈಲನ್ಯಾಗಿನ ಆಮಿನ್ನ."

ಬಸ್ಸು ಇಳಿದು ಕೈನಾತಳ ಮನೆಯ ಬಾಗಿಲಿಗೆ ಹೋದಾಗ ಒಳಗಿನಿಂದ ಆ ಆಟದ ಸಂಗೀತ ಕೇಳಿಸಿತು. ಕಣಕ್ಕೆ ಹೊಸ ಮೃಗ ಇಳಿಯುವಾಗ ಬಾರಿಸುವ ಸಣ್ಣ ಡೋಲು. ಬಾಗಿಲು ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಒಳಗೆ ಯಾರೋ ನಕ್ಕರು, "ಭಾಭಿ, ಜಲ್ದಿ, ನಿನ್ನ ಸರದಿ" ಅಂದರು. ಆಮೇಲೆ ನನ್ನ ತಂಗಿಯ ದನಿ: "ತಡಿ, ಇವನ ಸೊಕ್ಕ ಮುರಿತೀನಿ."

ಬಾಗಿಲು ತೆರೆದವಳು ಅವಳ ನಾದಿನಿ ತಸ್ಲೀಮ. ಕೈಯಲ್ಲಿ ಮೊಬೈಲು ಇತ್ತು. ಕೈನಾತ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಡುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು. ನಾನು ನಗಲು ಸ್ವಲ್ಪ ತಡವಾಯಿತು. ಕೂಸನ್ನು ಎತ್ತಿಕೊಂಡೆ, ತಂದ ಗಾದಿ ಕೊಟ್ಟೆ, ಚಹಾ ಕುಡಿದೆ. ಆಮೇಲೆ ಕೇಳಿದೆ.

"ನೀ ಆಡೂದ ಬಿಟ್ಟೀದಿ ಅನ್ಕೊಂಡಿದ್ದೆ."

"ಬಿಟ್ಟಿದ್ದೆ. ಕೂಸು ಹುಟ್ಟಿದ ಮ್ಯಾಲ ತಸ್ಲೀಮಗ ಕಲಿಸಿದೆ. ಈಗ ಇಕಿ ಬಿಡವಲ್ಲಳು."

"ನನಗ ಹೇಳಲಿಲ್ಲ."

"ನೀ ಫೋನ್ ಮಾಡಿದಾಗೆಲ್ಲಾ ಊಟಾ ಆತೇನು, ಕೂಸು ಹೆಂಗೈತಿ ಅಂತೀದಿ. ಆಟದ್ದು ಎಂದರ ಕೇಳೀದೇನು?"

ಕೇಳಿರಲಿಲ್ಲ. ಅವಳೇ ಮಾತು ತೆಗೆಯಲಿ ಎಂದು ಕಾದಿದ್ದೆ. ಅವಳು ನಾನು ಕೇಳಲಿ ಎಂದು ಕಾದಿದ್ದಳೋ ಏನೋ, ಅದನ್ನು ನಾನು ಕೇಳಲಿಲ್ಲ.

"ಗದಗನ್ಯಾಗ ಐತ್ವಾರ ಜೋಡಿ ಸ್ಪರ್ಧೆ ಐತಿ. ನೀ ಬಾ. ಒಂದ ದಿನದ ಮಾತು" ಅಂದೆ.

ತಸ್ಲೀಮ ನನ್ನ ಮುಖ ನೋಡಿದಳು. ಆ ಹುಡುಗಿಗೆ ಅರ್ಥವಾಯಿತು. "ಕರಕೊಂಡ ಹೋಗ್ರಿ ಭಾಯಿ. ಕೂಸಿನ್ನ ನಾ ನೋಡ್ಕೊಂತೀನಿ" ಅಂದಳು.

ಕೈನಾತ ಕೈ ಚಾಚಿದಳು. "ನಿನ್ನ ತಂಡ ತೋರ್ಸು."

ಮೊಬೈಲು ಕೊಟ್ಟೆ. ನೋಡಿ ಮೊದಲು ನಕ್ಕಳು. "ಅಯ್ಯ, ಗಾದಿ ಇನ್ನೂ ಐತೇನು? ನಾ ಇಲ್ಲಿ ಹೊಸಾ ತಂಡ ಕಟ್ಟಿದಾಗ ಅದರಂಥಾದ್ದನ್ನ ಹಿಡಿಯಾಕ ಹೋಗಲಿಲ್ಲ. ಎಲ್ಲಾರೂ ಬೆಂಕಿ ಇಟಗೊಂಡಾರ ಈಗ." ಆಮೇಲೆ ಬೆರಳಿನಿಂದ ಸರಿಸಿ ಹಳೆಯ ಆಟಗಳನ್ನು ನೋಡಿದಳು. ಸೋತದ್ದು, ಸೋತದ್ದು, ಮತ್ತೆ ಸೋತದ್ದು. ನಗು ನಿಂತಿತು.

"ನನ್ನ ಸಲುವಾಗಿ ಇಟಗೊಂಡೀದೇನ ಅಣ್ಣಾ?"

"ನೀ ಹೋಗೂವಾಗ ಬರ್ತೀನಿ ಅಂದಿದ್ದಿ."

ಅವಳು ಕೂಸಿನ ಅಂಗಾಲು ಸವರಿದಳು. ಮೆಲ್ಲಗೆ ಹೇಳಿದಳು. "ಎಲ್ಲಾರೂ ಅಂತಾರಲ್ಲೋ. ನಮ್ಮ ಆಟದಾಗರ ಏನಿತ್ತದು? ಬರ್ತೀನಿ ಅಂದ್ರ ಹಿಂದ ಸರಿಯೂದು. ಆ ಜಾಗಾಕ್ಕ ನೀ ಬ್ಯಾರೇದನ್ನ ಇಳಸಬೇಕಾಗಿತ್ತು."

ಕಳಕೇಶನಿಗೆ ಆ ಮಾತಿನ ಅರ್ಥ ನಾನು ಬಿಡಿಸಿ ಹೇಳಿದ್ದೆ. ನನಗೇ ಅದು ಹೊಳೆದಿರಲಿಲ್ಲ.

"ಐತ್ವಾರ ಬಂದ್ರ ನಿನಗ ಖುಷಿ ಆಗತೈತಿ, ಗೊತ್ತೈತಿ" ಅಂದಳು. "ಆಮ್ಯಾಗ ಮತ್ತ ಎರಡು ವರ್ಷ ಕಾಯ್ತೀದಿ. ನನ್ನ ಜೋಡಿ ಈಗ ಇಕಿ. ನಿನ್ನ ಜೋಡಿ ಯಾರು?"

"ಕಳಕೇಶ ಅಂತ. ಗಾಡಿ ಹೊಡಿತಾನ."

"ಆಡತಾನೇನು?"

"ಚೊಲೋ ಆಡತಾನ. ಬಾಯಿ ಒಂದ ಜಾಸ್ತಿ."

"ಹಂಗಾರ ಅವಗ ಸರಿಯಾಗಿ ತಂಡ ಕಟ್ಟಿಕೊಡು."

ಆಮೇಲೆ ಅವಳು ಹಳೆಯ ಕೈನಾತಳಾದಳು. ನೀರುನಾಯಿಯನ್ನು ತೆಗೆದು ನೋಡಿದಳು, ಓಟ ಚೆನ್ನಾಗಿದೆ ಅಂದಳು. ಆದರೆ ಅಷ್ಟಕ್ಕೆ ಬಿಡಲಿಲ್ಲ. "ಗಾದಿ ತಗದು ನೀರುನಾಯಿ ಹಾಕಿದ್ರ ಬೆಂಕಿದು ಮುಗೀತು, ಓಡೂದೂ ಆತು. ಮತ್ತ ಪೆಟ್ಟ ತಿನ್ನಾವರ ಯಾರು? ಗಾದಿ ಮಾಡೂ ಕೆಲಸ ಯಾರರ ಕಲೀಬೇಕಲ್ಲ." ಆಮೆಗೆ ನಾನು ಕಲ್ಲು ತೂರುವುದನ್ನು ಕಲಿಸಿದ್ದೆ. ನಿಧಾನದ ಪ್ರಾಣಿ, ಅದು ತೂರುವ ಹೊತ್ತಿಗೆ ಎದುರಿನವನು ಸರಿದಿರುತ್ತಿದ್ದ. ಕಲ್ಲು ತೂರುವುದನ್ನು ಬಿಡಿಸಿ ಅಡ್ಡ ನಿಲ್ಲುವುದನ್ನು ಕಲಿಸು ಅಂದಳು. ಅದರ ಬೆನ್ನು ಗಟ್ಟಿ, ಜೊತೆಗೆ ಬೆಂಕಿ ಅದನ್ನು ಸುಡುವುದಿಲ್ಲ. ಹೊಡೆಯುವ ಕೆಲಸ ಹೇಗೂ ಕಳಕೇಶನ ಎತ್ತು ಮಾಡುತ್ತದೆ.

ಮನೆಯಲ್ಲಿ ಅವಳು ಹೋದ ಮೇಲೆ ಗಾದಿಯ ಬಟ್ಟೆ ಹೊಲಿಯುವುದನ್ನು ಅವ್ವ ಹೀಗೇ ಕಲಿತಿದ್ದಳು. ಮೊದಮೊದಲು ಹೊಲಿಗೆ ಸೊಟ್ಟ ಬರುತ್ತಿತ್ತು. ಈಗ ಗಿರಾಕಿಗಳು ಅವ್ವನನ್ನೇ ಕೇಳುತ್ತಾರೆ.

"ಗಾದಿನ್ನ ನೀನ ತಗಿ" ಅಂದೆ.

"ನಂದಲ್ಲ ಅದು ಈಗ. ನಾ ಕೊಟ್ಟಿದ್ದೆ, ನಿಂದಾತು."

ತೆಗೆದೆ. ತಂಡದಿಂದ ತೆಗೆದ ಮೃಗಗಳು ಕೊಟ್ಟಿಗೆಯಲ್ಲಿ ನಿಲ್ಲುತ್ತವೆ. ಗಾದಿ ಎಲ್ಲಕ್ಕಿಂತ ಹಿಂದೆ ಹೋಗಿ ಕುಳಿತು ಕಣ್ಣು ಮುಚ್ಚಿತು. ಅದು ಎಲ್ಲಿದ್ದರೂ ಹಾಗೇ ಕುಳಿತುಕೊಳ್ಳುತ್ತದೆ, ಅದರಲ್ಲಿ ವಿಶೇಷವೇನೂ ಇಲ್ಲ. ಆದರೂ ನೋಡುವುದು ಕಷ್ಟವಾಯಿತು. ಕೈನಾತ ಬೇರೆ ಕಡೆ ಮುಖ ಮಾಡಿ ಕೂಸಿಗೆ ಏನೋ ಹೇಳುತ್ತಿದ್ದಳು.

ಹೊಸ ತಂಡ ಪರೀಕ್ಷಿಸಲು ಅವಳು ಮತ್ತು ತಸ್ಲೀಮ ಒಂದು ಕಡೆ ಕುಳಿತರು. ನಾನು ಕಳಕೇಶನಿಗೆ ಫೋನ್ ಮಾಡಿ ಇನ್ನೊಂದು ಕಡೆ ಕೂಡಿಸಿದೆ. ಅವನು ಗಾಡಿಯನ್ನು ಮಲ್ಲಸಮುದ್ರದಲ್ಲಿ ಬೇವಿನ ನೆರಳಿಗೆ ನಿಲ್ಲಿಸಿಕೊಂಡು ಆಡಿದ. ತಂಗಿಯ ಎದುರು ನಾನು ಅದೇ ಮೊದಲ ಸಲ ಆಡಿದ್ದು. ಅವಳ ಕೈ ಏನು ಮಾಡುತ್ತದೆಂದು ನನಗೆ ಈಗ ತಿಳಿಯಲಿಲ್ಲ. ಎರಡು ವರ್ಷದಲ್ಲಿ ಅವಳು ಬೇರೆ ಆಟ ಕಲಿತಿದ್ದಳು, ತಸ್ಲೀಮಳ ಕಣ್ಣು ನೋಡಿ ಆಡುತ್ತಿದ್ದಳು. ನಮ್ಮಿಬ್ಬರನ್ನೂ ಬೇಗ ಮುಗಿಸಿದರು.

"ಯಾರಲೇ ಇವರು? ಹಿಂಗ ಹೊಡಿತಾರ" ಅಂದ ಕಳಕೇಶ ಫೋನಿನಲ್ಲಿ.

"ನನ್ನ ತಂಗಿ."

ಅವನು ಗಾಡಿ ಶುರು ಮಾಡಿದ್ದು ಕೇಳಿಸಿತು. ಆಮೇಲೆ ಅಂದ: "ಆಮಿ ಚೊಲೋ ಅಡ್ಡ ನಿಂತತು. ಹಿಂಗ ಇಟ್ಕೊ."

ಭಾನುವಾರ ಮಂಗಲ ಕಾರ್ಯಾಲಯದಲ್ಲಿ ಕುರ್ಚಿಗಳು ಸಾಲದಷ್ಟು ಜನ ಬಂದಿದ್ದರು. ಹಿಂದೆ ಸರಿಯುವಾಗ "ಸರದೆ" ಎನ್ನುವುದೆಂದು ಕಳಕೇಶನೂ ನಾನೂ ಮೊದಲೇ ಮಾಡಿಕೊಂಡೆವು. ಆಮೆ ಅಡ್ಡ ನಿಂತಿತು, ಸಕ್ರಪ್ಪ ನುಗ್ಗಿದ, ಬೆಂಕಿಯವರು ಬಂದಾಗಲೆಲ್ಲ ನೀರುನಾಯಿ ಓಡಿ ಹೋಗಿ ಆರಿಸಿತು. ಫೈನಲ್‌ಗೆ ಒಂದು ಆಟ ಇರುವಾಗ ಲಕ್ಷ್ಮೇಶ್ವರದ ಜೋಡಿಯೊಂದು ನಮ್ಮನ್ನು ಕಟ್ಟಿಹಾಕಿತು. ಮೂರನೆಯ ಸ್ಥಾನಕ್ಕೆ ಆಡಿಸಿದರು, ಅದನ್ನು ಗೆದ್ದೆವು.

ಈಗ ಕೂಸು ಮಲಗಿದ ಮಧ್ಯಾಹ್ನಗಳಲ್ಲಿ ಕೈನಾತ ಫೋನ್ ಮಾಡುತ್ತಾಳೆ, ನಾಲ್ವರೂ ಆಡುತ್ತೇವೆ. ಹೆಚ್ಚಿನ ಸಲ ಅವರೇ ಗೆಲ್ಲುತ್ತಾರೆ. ಸಿಕ್ಕದ್ದು ಇಷ್ಟು: ಸುಲಭಕ್ಕೆ ಸೋಲದಂಥ ಒಂದು ತಂಡ, ಬಿಟ್ಟುಹೋಗದ ಒಬ್ಬ ಜೋಡಿಗಾರ, ವಾರಕ್ಕೊಮ್ಮೆ ತಂಗಿಯ ದನಿ. ಹೋದದ್ದು ಒಂದೇ. ನನ್ನ ತಂಗಿ ನನ್ನ ಜೋಡಿಯಾಗಿ ಇನ್ನು ಆಡುವುದಿಲ್ಲ.