ಉಸಿರು ಬಿಡದ ಹಕ್ಕಿಗಳು

ಮಣ್ಣಿನ ಟೊಳ್ಳು ಹಕ್ಕಿಯ ಹೊಟ್ಟೆಯಡಿ ಸೂಜಿಯಿಂದ ಚುಚ್ಚುವ ತೂತಿಗೆ ನಮ್ಮ ಮನೆಯಲ್ಲಿ ಉಸಿರು ಎನ್ನುತ್ತೇವೆ. ಅದಿಲ್ಲದಿದ್ದರೆ ಒಳಗಿನ ಹಬೆಗೆ ದಾರಿಯಿಲ್ಲ. ಸುಡುವಾಗ ಆವಿಗೆಯಲ್ಲಿ ಹಕ್ಕಿ ಸಿಡಿದು ಅಕ್ಕಪಕ್ಕದ್ದನ್ನೂ ಒಡೆಯುತ್ತದೆ.

ಆ ದಿನ ಅಕ್ಕಪಕ್ಕದಲ್ಲಿದ್ದದ್ದು ಅಮ್ಮನ ಆರು ಬಟ್ಟಲು. ಸಾಯುವ ವಾರ ಮಾಡಿಟ್ಟ, ಅಂಗೈಯಗಲದ ಹಸಿಮಣ್ಣಿನ ಬಟ್ಟಲುಗಳು. ವರ್ಷದಿಂದ ಕಪಾಟಿನಲ್ಲಿದ್ದವು, ಮುಟ್ಟಿದರೆ ಅಂಚು ಉದುರುತ್ತಿತ್ತು. ಸುಡೋಣ ಎಂದರೆ ಅಪ್ಪನದು ಒಂದೇ ರಾಗ: "ಬೆಂಕೀಲಿ ಒಡೆದ್ರೆ? ಇದ್ದ ಹಾಗೇ ಇರ್ಲಿ ಬಿಡು."

ಹೀಗೇ ಬಿಟ್ಟರೆ ಧೂಳಾಗುತ್ತವೆ ಎಂದು ನನಗೆ ಸಿಟ್ಟು. ಅಪ್ಪ ಹೊರಗೆ ಹೋದ ಬೆಳಿಗ್ಗೆ ಅವನ್ನು ಕರೆಂಟಿನ ಆವಿಗೆಯಲ್ಲಿಟ್ಟೆ. ಉಳಿದ ಜಾಗಕ್ಕೆ ಅತ್ತಿಗೆ ನಯಮಾಡಿ ಒಣಗಿಸಿದ್ದ ಹನ್ನೆರಡು ಹಕ್ಕಿ. ಅಣ್ಣನನ್ನು ಮದುವೆಯಾಗಿ ಅವರು ಬಂದು ಎರಡೇ ತಿಂಗಳು. ಹಿಂದಿನ ವಾರವೇ ಹೇಳಿದ್ದೆ: "ಸೋಮವಾರ ಅಮ್ಮನ ಬಟ್ಟಲು ಸುಡ್ತೀನಿ. ಉಸಿರು ಬಿಡ್ಬೇಡಿ, ಆಯ್ತಾ?" ತಲೆಯಾಡಿಸಿದ್ದರು.

ಆವಿಗೆಯ ಶಾಖದ ಮುಳ್ಳು ಇನ್ನೂರು ಡಿಗ್ರಿ ದಾಟಿತು. ಧೈರ್ಯಕ್ಕೆಂದು ಕೇಳಿದೆ: "ಅತ್ತಿಗೆ, ಹಕ್ಕಿಗಳಿಗೆ ಉಸಿರು ಸರಿಯಾಗಿತ್ತು ತಾನೇ?"

"ನೀವೇ ಬಿಡ್ಬೇಡಿ ಅಂದ್ರಲ್ಲ. ಇದ್ದ ತೂತನ್ನೂ ಮುಚ್ಚಿಬಿಟ್ಟೆ."

ಊರಿಗೆಲ್ಲ ತಿಳಿದ ಅರ್ಥದಲ್ಲಿ ನಾನು ಆಡಿದ ಮಾತನ್ನು ಪಾಪ ಅವರು ನಮ್ಮ ಮನೆಯ ಅರ್ಥದಲ್ಲಿ ಕೇಳಿಸಿಕೊಂಡಿದ್ದರು. ಅಪ್ಪನಿಗೆ ಹೇಳಬೇಡಿ ಎಂದು ನೆಟ್ಟಗೆ ಅನ್ನಲು ನನಗೇನು ಧಾಡಿಯಾಗಿತ್ತು?

ಒಳಗೆ ಟಪ್ ಎಂದಿತು. ಮತ್ತೊಂದು. ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಖಾಲಿ ಕಪಾಟು ನೋಡಿದರು, ಆಮೇಲೆ ನನ್ನನ್ನು.

"ತಪ್ಪಾಯ್ತಪ್ಪ. ಆರಿಸ್ತೀನಿ."

"ಬೇಡ. ಒಡೆದದ್ದು ಒಡೀತು. ಉಳಿದದ್ದಾದ್ರೂ ಬೇಯ್ಲಿ."

ಆವಿಗೆಯ ಪಕ್ಕ ಸ್ಟೂಲು ಎಳೆದು ಕೂತರು. ಪ್ರತಿ ಟಪ್ಪಿಗೂ ಕಣ್ಣು ಮುಚ್ಚುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಮರುದಿನ ಆರಿದ ಮೇಲೆ ತೆರೆದೆವು. ಒಂದು ಬಟ್ಟಲೂ ಇಡಿಯಾಗಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಈ ಮನೆಯ ದೊಣ್ಣೆ ನಾನೇ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ನನಗೆ ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ.

ಅಪ್ಪ ಒಂದು ಚೂರನ್ನು ಎತ್ತಿಕೊಂಡರು. ಅದರ ಒಳಮೈಯಲ್ಲಿ ಅಮ್ಮನ ಹೆಬ್ಬೆರಳು ಒತ್ತಿದ ಗುಳಿಯಿತ್ತು. ತಮ್ಮ ಹೆಬ್ಬೆರಳನ್ನು ಅಲ್ಲಿಟ್ಟು ಮೆಲ್ಲಗೆ, ಆಮೇಲೆ ಜೋರಾಗಿ ಉಜ್ಜಿದರು. ಏನೂ ಉದುರಲಿಲ್ಲ.

"ಒಂದು ವರ್ಷ ಆಯ್ತು ಕಣೇ," ಎಂದರು, "ಇದನ್ನ ಮುಟ್ಟಬೇಕು ಅಂತ."